ಎಲ್ಲಾರೂ ಬರ್ರಿ ಅಂದ್ರ ಖರೇನ ಬರ್ತಾರ

ನಾಕು ಮಂದಿ ಕೂಡಿದ ಕಡೆ ಒಂದು ನಗು ಹುಟ್ಟೇ ಹುಟ್ಟುತ್ತದೆ. ನನ್ನ ನಸೀಬು ಏನೆಂದರೆ, ಆ ನಗು ಹುಟ್ಟುವ ಮುಂಚೆ ಪ್ರತಿ ಸಲವೂ ನನ್ನ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ಮಂದಿಯನ್ನು ಕೂಡಿಸುವುದೇ ನನ್ನ ನೌಕರಿ. ಬೆಳಗಾವಿಯ ಒಂದು ಸಣ್ಣ ಸಂಸ್ಥೆಯಲ್ಲಿದ್ದೇನೆ. ಆಸ್ಪತ್ರೆ ಇರಲಿ, ಸಾಲಿಯ ಊಟ ಇರಲಿ, ರೇಡಿಯೋ ಇರಲಿ, ಅದು ಯಾರ ಸಲುವಾಗಿ ನಡೆದಿದೆಯೋ ಅವರನ್ನೇ ಕರೆದು ಕೂಡ್ರಿಸಿ, ನಿಮ್ಮ ಮನಸ್ಸಿನಲ್ಲಿ ಏನಿದೆ ಹೇಳಿರಿ ಎಂದು ಕೇಳುವುದು ನನ್ನ ಕೆಲಸ. ಕಾಗದದ ಮೇಲೆ ಇದಕ್ಕೆ ‘ಸಾರ್ವಜನಿಕ ಸಹಭಾಗಿತ್ವ’ ಎಂಬ ಹೆಸರಿದೆ. ಬೆಳಗಾವಿಯಲ್ಲಿ ನನ್ನ ಜೋಡಿ ಬಸ್ಸು ಹತ್ತುವ ಆ ಶಬ್ದ ಖಾನಾಪುರ ಬರುವುದರೊಳಗೆ ಎಲ್ಲಿಯೋ ಇಳಿದುಹೋಗುತ್ತದೆ. ಹಳ್ಳಿಗಳಲ್ಲಿ ನಾನು ಬರೇ ‘ಮೀಟಿಂಗ್ ಬಾಯಾರು’, ಮೀಟಿಂಗ್ ಮೇಡಂ.

ಕೇಳುವುದು ಸರಳ. ಹೇಳು ಅಂದ ಮೇಲೆ ಮಂದಿ ಖರೇನೇ ಹೇಳತೊಡಗುತ್ತಾರಲ್ಲ, ಅಲ್ಲಿಂದ ಮುಂದಿನದು ದೇವರ ಕೈಯಲ್ಲಿ.

ಮಾರಿ ನೋಡದ ಡಾಕ್ಟರು

ಹಳ್ಳಿಗಾಡಿನ ಒಂದು ಆಸ್ಪತ್ರೆ. ಅಲ್ಲಿ ಮೊದಲ ಸಲ ರೋಗಿಗಳು ಮತ್ತು ಡಾಕ್ಟರು ಎದುರುಬದುರು ಕೂಡುವ ಸಭೆ ಇಟ್ಟಿದ್ದೆವು. ಅದರ ಹಿಂದಿನ ವಾರವಷ್ಟೇ ಅಲ್ಲಿ ದೊಡ್ಡ ಗದ್ದಲವಾಗಿತ್ತು. ಪಾಳಿ ತಪ್ಪಿತೆಂದು ಶುರುವಾದ ಮಾತು ಕುರ್ಚಿ ಎತ್ತುವ ಮಟ್ಟಕ್ಕೆ ಹೋಗಿ, ಡಾಕ್ಟರು ಒಳಗಿನಿಂದ ಚಿಲಕ ಹಾಕಿಕೊಂಡು ಕೂತಿದ್ದರಂತೆ. ಸಣ್ಣ ವಯಸ್ಸಿನವರು, ಮೈಸೂರು ಕಡೆಯವರು, ಇಲ್ಲಿಗೆ ಹೊಸಬರು. ಸಭೆಯ ದಿನ ಬೆಳಿಗ್ಗೆ ನನ್ನನ್ನು ಬಾಜೂಕ್ಕೆ ಕರೆದು, ಹಿಂದಿನ ಬಾಗಿಲು ತೆಗೆದಿಡಲು ಹೇಳಿದ್ದೇನೆ ಮೇಡಂ ಎಂದರು. ನನಗೆ ನಗು ಬರಲಿಲ್ಲ. ಅಂಗಳದಲ್ಲಿ ನೆರೆದ ಮಂದಿಯನ್ನು ನೋಡಿ, ಆ ಬಾಗಿಲು ಎಲ್ಲಿದೆ ಎಂದು ನಾನೂ ಒಮ್ಮೆ ನೋಡಿಕೊಂಡು ಬಂದಿದ್ದೆ.

ಸಭೆ ಶುರುವಾಯಿತು. ಮೊದಲು ನೀ ಹೇಳು ಎಂದು ಮಂದಿ ಒಬ್ಬರನ್ನೊಬ್ಬರು ದೂಡತೊಡಗಿದರು. ಕಡೆಗೆ ಜಾಂಬೋಟಿ ಕಡೆಯ ಒಬ್ಬ ಮುದುಕಿ ಕೋಲೂರಿ ಎದ್ದು ನಿಂತಳು. ಅದೇ ಕೋಲನ್ನು ಎತ್ತಿ ಡಾಕ್ಟರ ಕಡೆ ತೋರಿಸಿದಳು.

“ನಾ ಮಳ್ಯಾಗ ತೊಯ್ಕೊಂತ ಎರಡು ಬಸ್ ಹತ್ತಿ ಇಳದು ಬರ್ತೀನಿ. ಇಂವ ನನ್ನ ಮಾರಿ ನೋಡೂದುಲ್ಲ. ಕಂಪ್ಯೂಟರಿನ ಮಾರಿ ನೋಡ್ತಾನ. ಬ್ಯಾನಿ ನನಗೋ, ಅದಕ್ಕೋ?”

ಹಿಂದಿನಿಂದ ಹೌದ್ ಹೌದ್ ಎಂಬ ದನಿ ಎದ್ದಿತು. ಗೋಡೆಗೆ ಒರಗಿ ನಿಂತಿದ್ದ ನಾಲ್ಕೈದು ಗಂಡಸರು ಗೋಡೆ ಬಿಟ್ಟು ಮುಂದೆ ಬಂದರು. ಡಾಕ್ಟರು ಎದ್ದು ನಿಂತರು. ಹಿಂದಿನ ಬಾಗಿಲಿಗೆ ಓಡುತ್ತಾರೆಂದೇ ನಾನು ತಿಳಿದೆ. ಅವರು ಸೀದಾ ಮುದುಕಿಯ ಮುಂದೆ ಬಂದು ಕೈ ಮುಗಿದರು. ತಪ್ಪಾಯ್ತು ಅಜ್ಜಿ, ಇನ್ನು ಮೇಲೆ ಮುಖ ನೋಡಿಯೇ ಮಾತಾಡ್ತೀನಿ ಎಂದರು. ಮುಂದೆ ಬಂದ ಗಂಡಸರು ಏನು ಮಾಡಬೇಕೆಂದು ತಿಳಿಯದೆ ಕುರ್ಚಿಗಳನ್ನು ಸಾಲಾಗಿ ಇಡತೊಡಗಿದರು.

ಡಾಕ್ಟರು ಮಾತು ಉಳಿಸಿಕೊಂಡರು. ಕಂಪ್ಯೂಟರು ಗೋಡೆಯ ಕಡೆ ತಿರುಗಿತು. ಯಾರೇ ಬಂದು ಕೂತರೂ ರೆಪ್ಪೆ ಬಡಿಯದೆ ಅವರನ್ನೇ ನೋಡುತ್ತಾರೆಂಬ ಸುದ್ದಿ ನನಗೂ ಮುಟ್ಟಿತ್ತು. ಮುಂದಿನ ಸಭೆಗೆ ಹಿಗ್ಗಿನಿಂದಲೇ ಹೋದೆ. ಎಲ್ಲರೂ ಕೂತ ಮೇಲೆ ಮತ್ತೆ ಅದೇ ಕೋಲು ಮೇಲೆದ್ದಿತು. ಡಾಕ್ಟರ ಬಣ್ಣ ಇಳಿಯಿತು. ಯಾಕ ಆಯಿ, ಈಗ ಮಾರಿ ನೋಡೂದುಲ್ಲೇನು ಎಂದು ನಾನೇ ಕೇಳಿದೆ.

“ನೋಡ್ತಾನವ್ವಾ, ಹಂಗ್ಯಾಕ ಅನ್ಲಿ. ಹ್ವಾದಾಗಿಂದ ಏಳೂತನಕಾ ಬರೇ ಮಾರೀನ ನೋಡ್ತಾನ. ನನಗ ಬ್ಯಾನಿ ಇರೂದು ಮಣಕಾಲಿಗಿ.”

ತಾಯಂದಿರ ಪಾಳಿ

ಕಾಕತಿ ಕಡೆಯ ಒಂದು ಹಳ್ಳಿಯ ಸಾಲಿಯಿಂದ ಹೆಡ್ ಮಾಸ್ತರು ಫೋನ್ ಮಾಡಿದರು. ಮಕ್ಕಳು ಸಾಲಿ ಬಿಟ್ಟು ಮನೆಗೆ ಹೋದ ಮೇಲೆ ತುತ್ತು ಮುಟ್ಟುತ್ತಿಲ್ಲ, ಮಧ್ಯಾಹ್ನದ ಬಿಸಿಯೂಟದಲ್ಲಿ ಏನೋ ಬೆರೆಸುತ್ತಾರೆ ಎಂದು ಊರಲ್ಲಿ ಗುಲ್ಲೆದ್ದಿದೆ, ತಾಯಂದಿರೆಲ್ಲ ಸಾಲಿಗೆ ಕೀಲಿ ಹಾಕಲು ಬರುತ್ತಿದ್ದಾರೆ, ನೀವು ಲಗೂನ ಬರ್ರಿ ಎಂದರು.

ಹೋದೆ. ಕೀಲಿ ಖರೇನೇ ಬಂದಿತ್ತು, ಒಬ್ಬಾಕೆಯ ಸೆರಗಿನ ಗಂಟಿನಲ್ಲಿತ್ತು. ಆಕೆಯೇ ಎಲ್ಲರಿಗೂ ಮುಂದಾಳು. ಮಗಳು ರಾತ್ರಿ ರೊಟ್ಟಿ ಮುಟ್ಟುವುದಿಲ್ಲ, ಹೊಟ್ಟೆ ತುಂಬೇದ ಅಂತಾಳ, ಹಸಿವೇ ಸಾಯುವಂಥದ್ದು ಏನು ಹಾಕುತ್ತೀರಿ ಎಂದು ಆಕೆ ಅಡಿಗೆಯವಳನ್ನು ನಿಲ್ಲಿಸಿ ಕೇಳುತ್ತಿದ್ದಳು. ಉಳಿದವರು ಸುತ್ತ ನಿಂತು ಒತ್ತುತ್ತಿದ್ದರು. ಅಡಿಗೆಯವಳ ಕಣ್ಣಲ್ಲಿ ನೀರು ಬಂದಿತ್ತು, ಆದರೆ ಕೆಳಗೆ ಬೀಳಗೊಡಲಿಲ್ಲ. ಕೈಯಲ್ಲಿದ್ದ ಸವುಟನ್ನು ಆ ಮುಂದಾಳಿನ ಕೈಗೆ ಕೊಟ್ಟು, ನಾಳಿಂದ ನೀವ ಮಾಡ್ರಿ, ನಾ ಬಾಜೂಕ ಕುಂತು ನೋಡ್ತೀನಿ ಅಂದಳು.

ನಾನು ನಡುವೆ ಹೊಕ್ಕು ಅದನ್ನೇ ಗಟ್ಟಿ ಮಾಡಿದೆ. ದಿನಕ್ಕೊಬ್ಬ ತಾಯಿ ಬಂದು ಅಡಿಗೆ ಮಾಡುವುದು, ಉಳಿದವರು ಕಣ್ಣಾರೆ ನೋಡುವುದು ಎಂದು ಠರಾವಾಯಿತು. ಮೊದಲ ಪಾಳಿ ಮುಂದಾಳಿನದೇ. ಮರುದಿನ ಆಕೆ ಮನೆಯಿಂದ ತನ್ನ ಮಸಾಲಿಖಾರ ಕಟ್ಟಿಕೊಂಡು ಬಂದು, ಯಾರನ್ನೂ ಒಲೆಯ ಹತ್ತಿರ ಬಿಟ್ಟುಕೊಳ್ಳದೆ, ಸಾರು ಮಾಡಿ ಇಳಿಸಿದಳು.

ಮಕ್ಕಳು ಸಾಲಾಗಿ ಕೂತರು. ಕಿಟಕಿಗಳ ತುಂಬ ತಾಯಂದಿರ ಮಾರಿ. ಅಡಿಗೆಯವಳು ಹೇಳಿದ ಹಾಗೆ ಬಾಜೂಕ್ಕೆ ಕೂತಿದ್ದಳು, ಕೈ ಎರಡೂ ಮಡಿಲಲ್ಲಿ. ಹೆಡ್ ಮಾಸ್ತರು ನನ್ನ ಕಡೆ ನೋಡಿದರು, ನಾನು ತಟ್ಟೆಗಳ ಕಡೆ ನೋಡಿದೆ. ಮುಂದಿನ ಸಾಲಿನಲ್ಲೇ ಕೂತಿದ್ದ ಆಕೆಯ ಮಗಳು ಒಂದು ತುತ್ತು ಉಂಡಳು, ಇನ್ನೊಂದು ಉಂಡಳು, ಆಮೇಲೆ ಕೈ ನಿಲ್ಲಿಸಿ ತಾಯಿಯನ್ನು ಸನ್ನೆ ಮಾಡಿ ಕರೆದಳು. ಇಡೀ ಪಡಸಾಲೆ ಕಿವಿಯಾಯಿತು. ಮಗಳು ತಾಯಿಯ ಕಿವಿಯಲ್ಲಿ ಹೇಳಿದೆನೆಂದೇ ತಿಳಿದಿದ್ದಳು, ಪಾಪ, ಎಲ್ಲರಿಗೂ ಕೇಳಿಸಿತು.

“ಯವ್ವಾ, ನೀ ಮನ್ಯಾಗ ಅಷ್ಟ ಮಾಡು. ಇಲ್ಲ್ಯಾದ್ರೂ ನಾವು ಹೊಟ್ಟಿತುಂಬ ಉಣ್ತೀವಿ.”

ಹಂಡೆ ಯಾರದು

ಖಾನಾಪುರದ ಹತ್ತಿರದ ಒಂದು ಊರಿನವರು, ಬಿದ್ದುಹೋಗುವ ಹಾಗಿದ್ದ ಹಳೆಯ ಸಾಲಿ ಖೋಲಿಯನ್ನು ರಿಪೇರಿ ಮಾಡಿ, ಅದರಲ್ಲಿ ಊರ ಹಳೆಯ ಸಾಮಾನುಗಳನ್ನು ಇಟ್ಟು ತೋರಿಸಬೇಕೆಂದು ಮನಸ್ಸು ಮಾಡಿದರು. ಮನೆಗೊಂದು ವಸ್ತು ಕೊಡಿರಿ ಎಂದು ನಾನೇ ಓಣಿ ಓಣಿ ತಿರುಗಿ ಕೇಳಿದೆ. ಬೀಸುವ ಕಲ್ಲು ಬಂತು, ಲಾಟೀನು ಬಂತು, ಕುರಿ ಕಾಯುವವರ ಮನೆಯಿಂದ ಅಜ್ಜನ ಕಂಬಳಿ ಬಂತು, ಮಣ್ಣಿನ ಹಳೆಯ ಹೆಂಚು ಬಂದವು. ಎಲ್ಲಕ್ಕಿಂತ ದೊಡ್ಡದು ಒಂದು ತಾಮ್ರದ ಹಂಡೆ. ಒಳಗೆ ಒಬ್ಬ ಮನುಷ್ಯ ಆರಾಮಾಗಿ ಕೂಡ್ರಬಹುದು. ಅದನ್ನು ಕೊಟ್ಟವರು ರಿಟಾಯರ್ ಆದ ಒಬ್ಬ ಮಾಸ್ತರು, ಮನೆಮಾತು ಮರಾಠಿ. ಹಂಡೆಯನ್ನು ನಟ್ಟನಡುವೆ ಇಟ್ಟೆವು.

ಉದ್ಘಾಟನೆಗೆ ಬಾಜೂ ಊರಿನ ಮಠದ ಸ್ವಾಮ್ಯಾರು ಬಂದಿದ್ದರು. ರಿಬ್ಬನ್ ಇನ್ನೂ ಕತ್ತರಿಸಿರಲಿಲ್ಲ. ಅಷ್ಟರಲ್ಲಿ ಕಿಟಕಿಯಿಂದ ಒಳಗೆ ಇಣುಕಿದ ಒಬ್ಬ ಹಾಲಿನ ವ್ಯಾಪಾರದ ಕಾಕಾ ಅಲ್ಲೇ ನಿಂತುಬಿಟ್ಟರು. ಅದು ನಮ್ಮ ಮನೆಯ ಹಂಡೆ ಎಂದರು. ಅವರ ಆಯಿ, ಅಂದರೆ ಅಜ್ಜಿ, ಅದನ್ನು ಮಾಸ್ತರ ತಂದೆಯ ಮದುವೆಯಲ್ಲಿ ನೀರು ಕಾಯಿಸಲು ಕೊಟ್ಟಿದ್ದಳಂತೆ. ಮದುವೆ ಮುಗಿಯಿತು, ಮಾಸ್ತರು ಹುಟ್ಟಿದರು, ಸಾಲಿ ಕಲಿತರು, ಸಾಲಿ ಕಲಿಸಿದರು, ರಿಟಾಯರ್ ಆದರು, ಹಂಡೆ ಮಾತ್ರ ತಿರುಗಿ ಬರಲಿಲ್ಲ ಎಂದು ಕಾಕಾ ಕೂಡಿದ ಮಂದಿಯ ಎದುರು ಹೇಳಿದರು.

ಮಾಸ್ತರ ಮೂಗಿನ ತುದಿ ಕೆಂಪಾಯಿತು. ಅದು ತನ್ನ ಅಜ್ಜ ಬೆಳಗಾವಿ ಪ್ಯಾಟಿಯಲ್ಲಿ ಖರೀದಿ ಮಾಡಿ ಚಕ್ಕಡಿಯಲ್ಲಿ ತಂದ ಹಂಡೆ ಎಂದರು. ಮಾಸ್ತರದು ಮರಾಠಿ, ಕಾಕಾನದು ಕನ್ನಡ. ಒಬ್ಬರ ಮಾತು ಒಬ್ಬರಿಗೆ ತಿಳಿಯದೇ ಇದ್ದಿದ್ದರೆ ಚಲೋ ಆಗುತ್ತಿತ್ತು. ಇಬ್ಬರಿಗೂ ಅಕ್ಷರ ಅಕ್ಷರ ತಿಳಿಯುತ್ತಿತ್ತು. ಕಳ್ಳ ಎಂಬ ಶಬ್ದ ಎರಡೂ ಭಾಷೆಯಲ್ಲಿ ಬಂತು. ಮಾಸ್ತರ ತಮ್ಮಂದಿರು ಈ ಕಡೆ ನಿಂತರು, ಕಾಕಾನ ಅಳಿಯಂದಿರು ಆ ಕಡೆ ನಿಂತರು. ಒಬ್ಬ ಅಳಿಯ ಕಿಟಕಿಯೊಳಗೆ ಕೈ ಚಾಚಿ ಪ್ರದರ್ಶನಕ್ಕಿಟ್ಟ ಒನಕೆಯ ಮೇಲೆ ಕೈ ಇಟ್ಟದ್ದನ್ನು ನಾನು ನೋಡಿದೆ. ಸ್ವಾಮ್ಯಾರು ಕತ್ತರಿ ಹಿಡಿದುಕೊಂಡೇ ನಿಂತಿದ್ದರು. ನಾನು ಕೈ ಜೋಡಿಸಿ ಇಬ್ಬರ ನಡುವೆ ನಿಂತೆ, ನನ್ನ ಮಾತು ಯಾವ ಭಾಷೆಯವರಿಗೂ ಕೇಳಿಸಲಿಲ್ಲ.

ಆಗ ಗುಂಪಿನಲ್ಲಿದ್ದ ಒಬ್ಬ ಹೆಣ್ಣುಮಗಳು ಒಂದು ದಾರಿ ಹೇಳಿದಳು. ಹಿಂದಿನವರು ಭಾಂಡಿ-ಪಾತ್ರೆಯ ಕಂಠದ ಮೇಲೆ ಹೆಸರು ಕೊರೆಸದೆ ಬಿಡುತ್ತಿರಲಿಲ್ಲ, ತಿಕ್ಕಿ ನೋಡಿದರಾಯಿತು ಎಂದಳು. ರಿಬ್ಬನ್ ಸರಿಸಿ ಹಂಡೆಯನ್ನು ಹೊರಗೆ ತಂದರು, ಹುಣಸೆಹಣ್ಣು ಬಂತು, ಬೂದಿ ಬಂತು. ಎರಡು ಮನೆಯವರೂ ಒಂದೊಂದು ಕಡೆ ಹಿಡಿದು ತಿಕ್ಕತೊಡಗಿದರು. ಕಪ್ಪು ಸರಿದು ಕೆಂಪು ಹೊಳೆಯಿತು. ಒಂದು ಅಕ್ಷರ ಮೂಡಿತು.

‘ಮ’ ಎಂದು ಓದಿದರು. ಮ ಅಂದರೆ ನಮ್ಮದೇ ಮನೆತನದ ಮೊದಲಕ್ಷರ ಎಂದು ಮಾಸ್ತರು ಎದೆ ಉಬ್ಬಿಸಿದರು. ಕಾಕಾ ಇನ್ನಷ್ಟು ಜೋರಾಗಿ ತಿಕ್ಕಿದರು. ಎರಡನೆಯ ಅಕ್ಷರ ಮೂಡಿತು. ‘ಠ’.

ಆಮೇಲೆ ತಿಕ್ಕುವ ಕೈಗಳು ತಾವಾಗಿಯೇ ಸಾವಕಾಶವಾದವು. ಉಳಿದದ್ದನ್ನು ಸ್ವಾಮ್ಯಾರೇ ಬಗ್ಗಿ ಓದಿದರು: ಮಠದ ಹಂಡೆ, ದಾಸೋಹಕ್ಕೆ ಮಾತ್ರ.

ಕಾಕಾ ಬೂದಿಯ ಕೈಯನ್ನು ಧೋತರಕ್ಕೆ ಒರೆಸಿಕೊಂಡರು. ಮಾಸ್ತರ ಕಡೆ ತಿರುಗಿ, ಆವರೆಗೆ ಕನ್ನಡ ಬಿಟ್ಟು ಬೇರೆ ಆಡದ ಮನುಷ್ಯ, ಬಹಳ ಮೆತ್ತಗೆ ಮರಾಠಿಯಲ್ಲಿ, ಇದು ನಿಮ್ಮದೇ ಮಾಸ್ತರ, ನಾನೇ ತಪ್ಪು ತಿಳಿದೆ ಎಂದರು. ಮಾಸ್ತರು ಅಚ್ಚ ಕನ್ನಡದಲ್ಲಿ, ಛೇ ಛೇ ಕಾಕಾ, ನಿಮ್ಮ ಆಯಿ ಕೊಟ್ಟಿದ್ದು ಖರೇ ಐತಿ, ಇದು ನಿಮ್ಮದ ಎಂದರು. ತಮ್ಮಂದಿರೂ ಅಳಿಯಂದಿರೂ ಒಬ್ಬರಿಗೊಬ್ಬರು ಹಂಡೆ ದಾನ ಮಾಡಿಕೊಳ್ಳುವುದನ್ನು ನಾನು ಬಾಯಿ ತೆರೆದು ನೋಡುತ್ತ ನಿಂತೆ.

ಸ್ವಾಮ್ಯಾರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಅವರು ಹಂಡೆಯ ಸುತ್ತ ಒಮ್ಮೆ ತಿರುಗಿ ಬಂದು, ಊರ ಮಂದಿಯನ್ನು ಉದ್ದಕ್ಕೂ ನೋಡಿ ಕೇಳಿದರು.

“ಹಂಡೇದ ಸುದ್ದಿ ಇರ್ಲಿ. ಇದಕ್ಕೊಂದು ಮುಚ್ಚಳಾ ಇತ್ತು. ಅದು ಯಾರ ಮನ್ಯಾಗೈತಿ?”

ಹಿಂದಿನ ಸಾಲಿನಿಂದ ಮೂರು ಮನೆಯವರು ಎದ್ದು ಹೋದರು.

ಮನೆ ಬಿಟ್ಟ ಅಜ್ಜ

ಬೆಳಗಾವಿಯಲ್ಲಿ ಒಂದು ಸಣ್ಣ ರೇಡಿಯೋ ಇದೆ. ಊರ ಮಂದಿಯೇ ನಡೆಸುವುದು, ಊರ ಮಂದಿಯೇ ಮಾತಾಡುವುದು. ವಾರಕ್ಕೊಮ್ಮೆ ಮನೆಯ ಹಿರಿಯರ ಆರೈಕೆಯ ಬಗ್ಗೆ ಒಂದು ಕಾರ್ಯಕ್ರಮ ನಾನು ನಡೆಸಿಕೊಡುತ್ತಿದ್ದೆ. ಯಾರು ಬೇಕಾದರೂ ಫೋನ್ ಮಾಡಬಹುದು, ಆಡಿದ್ದು ಹಾಗೆಯೇ ನೇರವಾಗಿ ಊರಿಗೆಲ್ಲ ಕೇಳಿಸುತ್ತದೆ.

ಒಂದು ಮುಂಜಾನೆ ಒಬ್ಬ ವಯಸ್ಸಾದವರ ಫೋನ್ ಬಂತು. ರಿಟಾಯರ್ ಆದ ಕಂಡಕ್ಟರ್ ಅಂತೆ. ದನಿ ಬಹಳ ಸಣ್ಣದಿತ್ತು.

“ಬಾಯಾರ, ನಾ ಮನಿ ಬಿಟ್ಟು ಬಂದೀನ್ರಿ. ಬಸ್ ಸ್ಟ್ಯಾಂಡಿನ್ಯಾಗ ಕುಂತೀನಿ. ಇನ್ನ ಹೊಳ್ಳಿ ಹೋಗಂಗಿಲ್ಲ.”

ಇಂಥ ಮಾತಿನ ಹಿಂದೆ ಏನಿರುತ್ತದೋ ಯಾರು ಬಲ್ಲರು. ಫೋನ್ ಮಾತ್ರ ಇಡಬೇಡಿರಿ ಎಂದು ಬೇಡಿಕೊಂಡೆ. ಮೊಮ್ಮಕ್ಕಳ ಸುದ್ದಿ ತೆಗೆದೆ, ಹಳೆಯ ಬಸ್ಸುಗಳ ಸುದ್ದಿ ತೆಗೆದೆ. ಯಾವುದಕ್ಕೂ ಹೂಂ ಅನ್ನುತ್ತಿದ್ದರೇ ಹೊರತು ಮಾತು ಮುಂದೆ ಹೋಗುತ್ತಿರಲಿಲ್ಲ. ಊಟ ಆಗಿದೆಯೇ ಎಂದು ಕೇಳಿದೆ. ಸೊಸಿ ತಿನ್ನಾಕ ಕೊಡೂದುಲ್ಲ ಎಂದರು.

ಅಲ್ಲಿಗೆ ಊರಿನ ಕರುಳು ಚುರ್ ಅಂದಿತು. ಸ್ಟುಡಿಯೋದ ಇನ್ನೊಂದು ಫೋನ್ ಒಂದೇ ಸವನೆ ಬಾರಿಸತೊಡಗಿತು. ಆ ಸೊಸೆಯ ಮನೆ ಎಲ್ಲಿದೆ ಹೇಳಿರಿ, ನಾವು ನೋಡಿಕೊಳ್ಳುತ್ತೇವೆ ಎಂದು ಒಬ್ಬರು. ಅಜ್ಜಾರನ್ನು ನಮ್ಮ ಮನೆಗೇ ಕರೆದುಕೊಂಡು ಬರುತ್ತೇನೆ ಎಂದು ಇನ್ನೊಬ್ಬರು. ಒಬ್ಬ ರಿಕ್ಷಾದವ ಅರ್ಧ ದಾರಿಯಿಂದಲೇ ಫೋನ್ ಮಾಡಿ, ಏನು ತಿನ್ನಲು ಆಸೆಯಿದೆ ಕೇಳಿರಿ ಎಂದ. ಕೇಳಿದೆ. ಅಜ್ಜ ಸಂಕೋಚದಿಂದ, ಒಂದೀಟು ಕುಂದಾ ಸಿಕ್ಕರೆ ಜೀವ ತಣ್ಣಗಾಗುತ್ತಿತ್ತು ಎಂದರು. ಅದೂ ನೇರವಾಗಿ ಊರಿಗೆಲ್ಲ ಕೇಳಿಸಿತು.

ಅದರ ಬೆನ್ನಿಗೇ ಬಂದ ಫೋನಿನಲ್ಲಿ ಒಬ್ಬ ಹೆಣ್ಣುಮಗಳು ಅಳುತ್ತಿದ್ದಳು. ಆ ಸೊಸೆ ನಾನೇ ಎಂದಳು. ಮಾವನಿಗೆ ಸಕ್ಕರೆ ಕಾಯಿಲೆ ಮಿತಿ ಮೀರಿದೆ, ಕಾಲಿನ ಗಾಯ ಮಾಯುತ್ತಿಲ್ಲ, ಸಿಹಿ ಮುಟ್ಟಿದರೆ ಕಾಲೇ ಹೋದೀತು ಎಂದು ಡಾಕ್ಟರು ಹೇಳಿದ್ದಾರೆ, ರೊಟ್ಟಿ ಪಲ್ಯ ಎಷ್ಟು ಬೇಕೋ ಅಷ್ಟು ಬಡಿಸುತ್ತೇನೆ, ಕುಂದಾ ಒಂದನ್ನು ಮುಚ್ಚಿಟ್ಟೆ, ಅದಕ್ಕೇ ಎದ್ದು ಹೋಗಿದ್ದಾರೆ ಎಂದಳು. ಕೊನೆಗೆ, ಯಾರೂ ಏನೂ ಕೊಡಬ್ಯಾಡ್ರಿ ಅಂತ ಹೇಳ್ರಿ, ನಿಮ್ಮ ಕಾಲಿಗೆ ಬೀಳ್ತೀನಿ ಎಂದಳು.

ಹೇಳಿದೆ, ಮತ್ತೆ ಮತ್ತೆ ಹೇಳಿದೆ. ಆದರೆ ಮರುಗಿದ ಮಂದಿ ರೇಡಿಯೋ ಬಿಟ್ಟು ಆಗಲೇ ರಸ್ತೆಯಲ್ಲಿದ್ದರು. ಒಂದು ಹಾಡು ಹಚ್ಚಲು ಹೇಳಿ ನಾನೂ ಓಡಿದೆ. ಹೊರಗೆ ಸಿಕ್ಕ ರಿಕ್ಷಾ ಹತ್ತಿ ಬಸ್ ಸ್ಟ್ಯಾಂಡ್ ಎಂದರೆ, ಅಜ್ಜಾರ ಕಡೆ ಹೊಂಟೀರೇನ್ರಿ, ದಾರಿಯಲ್ಲಿ ಕುಂದಾ ತಗೊಂಡು ಹೋಗೂಣೇನ್ರಿ ಎಂದು ಆತನೂ ಕೇಳಿದ.

ಬಸ್ ಸ್ಟ್ಯಾಂಡಿನಲ್ಲಿ ಬಾಕಿನ ಮೇಲೆ ಅಜ್ಜ, ಅವರ ಎರಡೂ ಬಾಜೂಕ್ಕೆ ಕುಂದಾದ ಡಬ್ಬಿಗಳು, ಸುತ್ತ ಕಣ್ಣೊರೆಸಿಕೊಳ್ಳುವ ಮಂದಿ. ಒಂದು ಡಬ್ಬಿ ಆಗಲೇ ತೆರೆದಿತ್ತು. ನಾನು ಗುಂಪು ಸೀಳಿಕೊಂಡು ಹೋಗುವ ಹೊತ್ತಿಗೆ ಆ ಕಡೆಯಿಂದ ಸೊಸೆಯೂ ಬಂದಳು. ಯಾರೋ ಆಕೆಯನ್ನು ಗುರುತು ಹಿಡಿದರು. ಇಕೀನ ಏನು ಎಂದು ಗುಂಪು ಆಕೆಯ ಮೇಲೆ ಬಿದ್ದಿತು. ಹಾದಿ ಬಿಡುವವರಿಲ್ಲ, ಮಾತು ಕೇಳುವವರಿಲ್ಲ, ಒಬ್ಬಾಕೆ ಸೊಸೆಯ ರಟ್ಟೆಯನ್ನೇ ಹಿಡಿದಿದ್ದಳು. ಇವತ್ತು ಈ ಹುಡುಗಿಗೆ ಏಟು ಬೀಳುತ್ತದೆ, ಅದಕ್ಕೆ ನನ್ನ ಕಾರ್ಯಕ್ರಮವೇ ಕಾರಣವಾಗುತ್ತದೆ ಎಂದು ನನಗೆ ಅನಿಸಿತು.

ಆಕೆ ವಾದಿಸಲಿಲ್ಲ. ರಟ್ಟೆ ಬಿಡಿಸಿಕೊಂಡು ಮಾವನ ಮುಂದೆ ನೆಲಕ್ಕೆ ಕೂತಳು. ಚೀಲದಿಂದ ಸಕ್ಕರೆ ಅಳೆಯುವ ಮೀಟರ್ ತೆಗೆದು, ಮಾವನ ಬೆರಳು ಚುಚ್ಚಿ, ಒಂದು ಹನಿ ಹಚ್ಚಿದಳು. ಗುಂಪು ಬಗ್ಗಿತು. ಅಂಕಿ ಮೂಡಿತು. ಆಕೆ ಅದನ್ನು ಎತ್ತಿ ಎಲ್ಲರಿಗೂ ತೋರಿಸಿದಳು.

ಬೆಳಗಾವಿಯಲ್ಲಿ ಸಕ್ಕರೆ ಕಾಯಿಲೆಯ ಅಂಕಿ ಓದಲು ಬರದವರು ಯಾರಿದ್ದಾರೆ? ಆಮೇಲೆ ರಟ್ಟೆ ಹಿಡಿದಿದ್ದ ಹೆಂಗಸೇ ಅಜ್ಜನ ಕೈಯಿಂದ ಡಬ್ಬಿ ಕಸಿದುಕೊಂಡಳು. ಇಡೀ ಗುಂಪು ಅಜ್ಜನ ಕಡೆ ತಿರುಗಿ, ಬುದ್ಧಿ ಐತೇನ್ರಿ ನಿಮಗ, ಇಂಥ ಸೊಸಿ ಯಾರಿಗೆ ಸಿಗ್ತಾಳ್ರಿ ಎಂದು ಬಯ್ಯತೊಡಗಿತು. ಅಜ್ಜ ಚಮಚೆ ಕೆಳಗಿಟ್ಟು, ತಲೆ ಬಗ್ಗಿಸಿ, ಸೊಸೆಯ ಹಿಂದೆ ನಡೆದರು. ಡಬ್ಬಿಗಳನ್ನು ಅಲ್ಲಿದ್ದವರೇ ಖಾಲಿ ಮಾಡಿದರು.

ಮುಂದಿನ ವಾರ ಆ ಸೊಸೆಯನ್ನೇ ಕಾರ್ಯಕ್ರಮಕ್ಕೆ ಕರೆದೆ. ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುವವರ ಕಷ್ಟ ಏನೆಂದು ಊರೂ ಕೇಳಲಿ ಎಂಬ ಆಸೆ. ಆಕೆ ಸ್ಟುಡಿಯೋದಲ್ಲಿ ನನ್ನ ಎದುರು ಕೂತು, ಮಾವಾರು ಈಗ ಬಹಳ ಸುಧಾರಿಸ್ಯಾರ್ರಿ, ಹೇಳಿದಂಗ ಕೇಳ್ತಾರ ಎಂದಳು. ಮನೆಯಿಂದ ಹೊರಡುವಾಗ ತಾನೇ ಅವರಿಗೆ ಟಿ.ವಿ. ಹಚ್ಚಿ ಕೂಡ್ರಿಸಿ ಬಂದಿದ್ದಳಂತೆ. ಮಾತು ಮುಗಿಸಿ, ಕೇಳುಗರ ಮೊದಲ ಫೋನ್ ತೆಗೆದುಕೊಂಡೆ. ಅದೇ ಸಣ್ಣ ದನಿ.

“ಬಾಯಾರ, ಇವತ್ತೂ ಮನಿ ಬಿಟ್ಟೀನ್ರಿ. ಈ ಸಲ ಗೋಕಾಕ ಬಸ್ ನಿಂದರೂ ಕಡೆ ಕುಂತೀನಿ. ಕುಂದಾ ಯಾರೂ ತರಬ್ಯಾಡ್ರಿ ಅಂತ ಮಂದಿಗಿ ಕಡಕ್ಕಾಗಿ ಹೇಳಿಬಿಡ್ರಿ. ಬೆಲ್ಲದ ಕರದಂಟು ಆದ್ರ ನಡೀತೈತಿ.”